ಒಂದು ಕೈ ಜೇಬಿನಲ್ಲಿ

ವಿಯರ್ಸ್ಮಾ ಮನೆಯ ಊಟದ ಮೇಜಿಗೆ ಬಟ್ಟೆ ಹಾಸದೆ ಹನ್ನೆರಡು ತಿಂಗಳಾಗಿತ್ತು. ಬಟ್ಟೆಯ ಜಾಗದಲ್ಲಿ ಹನ್ನೊಂದು ಗ್ರಾಫ್ ಹಾಳೆಗಳನ್ನು ಅಂಚಿಗೆ ಅಂಚು ಅಂಟಿಸಿ ಹರಡಲಾಗಿತ್ತು. ಅದು ಅಪ್ಪ ಗೆರಿಟ್ ಕಟ್ಟಬೇಕೆಂದಿದ್ದ ವಾಲ್ವ್ ಆಂಪ್ಲಿಫೈಯರಿನ ನಕ್ಷೆ. ಗಿಟಾರಿಗೆ ಜೋಡಿಸಿ ಸದ್ದು ಹಿಗ್ಗಿಸುವಂಥದ್ದು, ಪೂರ್ತಿ ಕೈಕೆಲಸದ್ದು, ಯಾವ ಅಂಗಡಿಯಲ್ಲೂ ಸಿಗದಂಥದ್ದು. ಬೆಸುಗೆ ಕಡ್ಡಿ ಇನ್ನೂ ಒಮ್ಮೆಯೂ ಬಿಸಿಯಾಗಿರಲಿಲ್ಲ. ಆದರೆ ಪೆಟ್ಟಿಗೆಗೆ ಹೊದಿಸುವ ಕೆನೆಬಣ್ಣದ ರೆಕ್ಸಿನ್ ಬಂದಿತ್ತು, ಕೋಳಿಕೊಕ್ಕಿನಂಥ ತಿರುಗುಗುಂಡಿಗಳು ಬಂದಿದ್ದವು, 'ವಿಯರ್ಸ್ಮಾ' ಎಂದು ಓರೆ ಅಕ್ಷರದಲ್ಲಿ ಕೊರೆದ ಹಿತ್ತಾಳೆ ಫಲಕವೂ ಬಂದಿತ್ತು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ," ಎಂದಿದ್ದಳು ಅಮ್ಮ ಲೋಯಿಸ್, ಫಲಕವನ್ನು ಎರಡು ಬೆರಳಲ್ಲಿ ಹಿಡಿದು. "ಕುಲಾವಿ ಮೇಲೆ ಹೆಸರು ಬೇರೆ."

ಹೀಗಾಗಿ ಮನೆಯವರು ಮುಂದಿನ ಕೋಣೆಯ ಸೋಫಾದಲ್ಲಿ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದರು. ಅದೇ ಕೋಣೆಯಲ್ಲಿ ಅಜ್ಜಿಯ ಹಳೆಯ ಕರೆಂಟಿನ ಆರ್ಗನ್ ಇತ್ತು. ಮಂಡಿಯ ಮೇಲಿನ ಬಟಾಣಿ ಸೂಪು ತುಳುಕದಂತೆ ಕುಡಿಯುವುದನ್ನು ಮಗಳು ಟ್ರೀನಾ ಕಲಿತಿದ್ದಳು. ಅಪ್ಪ ಕಲಿತಿರಲಿಲ್ಲ. ಅವನ ಅಂಗಿಯ ಮೇಲೆ ಪ್ರತಿದಿನದ ಅಡುಗೆಯ ಗುರುತು ಇರುತ್ತಿತ್ತು. ಬೆರಳುಗಳಿಂದ ಬೆಸುಗೆಯ ಅಂಟಿನ ವಾಸನೆ ಬರುತ್ತಿತ್ತು. ಬೆಸೆಯದಿದ್ದರೂ ಡಬ್ಬಿ ತೆರೆದು ಮೂಸುವುದು ಅವನ ಅಭ್ಯಾಸ. ಅದೇ ಬೆರಳಲ್ಲಿ ಬ್ರೆಡ್ ಮುರಿಯುತ್ತಿದ್ದ.

"ಧ್ವನಿ ಹೇಗಿರ್ಬೇಕು ಗೊತ್ತಾ?" ಎನ್ನುತ್ತಿದ್ದ, ಬಾಯಿ ತುಂಬಿಕೊಂಡೇ. "ಕೆನೆ ಥರ. ಕೆಳಗಡೆ ಬೆಣ್ಣೆ. ಜೋರು ಮಾಡಿದಾಗ ಅಂಚು ಸ್ವಲ್ಪ ಸೀದಿರ್ಬೇಕು, ಕ್ಯಾರಮೆಲ್ ಥರ. ಹಲ್ಲಿಗೆ ಸಿಗ್ಬೇಕು."

"ನನಗೆ ಹಲ್ಲಿಗೆ ಸಿಕ್ಕಿದ್ದು ನಿನ್ನ ತಂತಿ ಚೂರು," ಎಂದು ಅಮ್ಮ ಆಲೂಗೆಡ್ಡೆಯ ಮುದ್ದೆಯಿಂದ ಬೆಳ್ಳಗಿನ ಒಂದು ತುಣುಕನ್ನು ಎತ್ತಿ ತಟ್ಟೆಯ ಅಂಚಿಗೆ ಒರೆಸಿದಳು. "ನಾನು ದಿನಾ ಶಾಲೆಯಲ್ಲಿ ನಾನೂರು ಮಕ್ಕಳಿಗೆ ಬಡಿಸಿ ಬರ್ತೀನಿ ಗೆರಿಟ್. ಅವರಿಗೆಲ್ಲ ಮೇಜಿದೆ."

ಬೆನ್ನುನೋವಿನ ಕಾರಣಕ್ಕೆ ಅಪ್ಪ ಕುರ್ಚಿ ಕಾರ್ಖಾನೆಯ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಅಣ್ಣ ಡೆರಿಕ್‌ಗೆ ಇಪ್ಪತ್ತೇಳು. ಊರಿನ ಆಚೆ ತುದಿಯಲ್ಲಿ ಬೇರೆ ಮನೆ ಮಾಡಿದ್ದರೂ ಊಟದ ಹೊತ್ತಿಗೆ ಇಲ್ಲೇ. ಹೊಸ ಚರ್ಚಿನ ವಾದ್ಯತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ. ಆಂಪ್ಲಿಫೈಯರ್ ಅವನಿಗೇ. ಅವನ ತಂಡದವರು ಕೇಳಿ, ಮೆಚ್ಚಿ, ತಮಗೂ ಒಂದೊಂದು ಬೇಕು ಎನ್ನುತ್ತಾರೆ ಎಂಬುದು ಅಪ್ಪನ ಲೆಕ್ಕ.

ಹತ್ತೊಂಬತ್ತರ ಟ್ರೀನಾ ಶಾಲೆ ಬಿಟ್ಟು ಮೂರು ವರ್ಷವಾಗಿತ್ತು. ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದರೆ ಅವಳಿಗೆ ಹೊಟ್ಟೆ ತೊಳಸಿ ಬರುತ್ತಿತ್ತು. ಒಂದು ದಿನ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ. ಯಾಕೆ ಎಂದು ಕೇಳದವಳು ಅಜ್ಜಿ ಯೋಹಾನಾ ಒಬ್ಬಳೇ. "ಬಾ, ಇಲ್ಲಿ ಕೂತ್ಕೋ," ಎಂದು ಆರ್ಗನಿನ ಬೆಂಚಿನಲ್ಲಿ ಜಾಗ ಮಾಡಿಕೊಟ್ಟಿದ್ದಳು. ಭಾನುವಾರ ಚರ್ಚು ಮುಗಿಸಿ ಬಂದು, ಊಟಕ್ಕೆ ಮೊದಲು ಒಂದು ಕೀರ್ತನೆ ನುಡಿಸುವುದು ಆ ಮನೆಯ ಪದ್ಧತಿ. ಅದು ಮುಗಿಯುವ ತನಕ ಯಾರೂ ಚಮಚ ಮುಟ್ಟುವಂತಿರಲಿಲ್ಲ. ಮೂರು ವರ್ಷದಲ್ಲಿ ಎಡಗೈ ಭಾಗವೆಲ್ಲ ಟ್ರೀನಾಳದಾಗಿತ್ತು, ಬಲಗೈ ಅಜ್ಜಿಯದು.

ಭಾನುವಾರ ಅಪ್ಪ ಪೆನ್ಸಿಲ್ ಹಿಡಿದರೆ ಅಜ್ಜಿ ಬಿಡುತ್ತಿರಲಿಲ್ಲ.

"ಇವತ್ತು ದೇವರ ದಿನ, ಕೆಲಸ ಮಾಡಬಾರದು ಗೆರಿಟ್."

"ಗೆರೆ ಎಳೆಯೋದು ಕೆಲಸ ಅಲ್ಲಮ್ಮ."

"ಹಾಗಾದ್ರೆ ಉಳಿದ ಆರು ದಿನ ನೀನು ಏನು ಮಾಡ್ತಿದ್ದೀಯಾ?"

ಸೆಪ್ಟೆಂಬರ್ ಕೊನೆಯಲ್ಲಿ ಅಜ್ಜಿ ಸ್ನಾನದ ಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಶಸ್ತ್ರಚಿಕಿತ್ಸೆಯಾಯಿತು. ಮತ್ತೆ ನಡೆಯುವುದನ್ನು ಕಲಿಸುವ ಆರೈಕೆ ಮನೆಯಲ್ಲಿ ಎಂಟು ವಾರ ಇರಬೇಕೆಂದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಮನೆಗೆ ಬರುತ್ತೇನೆ ಎಂದು ಅಜ್ಜಿ ಹಟ ಹಿಡಿದಳು.

"ವಾರಕ್ಕೊಂದು ಸಲ ಆರ್ಗನ್ ಹಚ್ಚು," ಎಂದಳು ಟ್ರೀನಾಳ ಮಣಿಕಟ್ಟು ಹಿಡಿದು. "ಅರ್ಧ ಗಂಟೆ ಬಿಸಿಯಾಗಲಿ. ಪಕ್ಕದ ಸರೋವರದ ತೇವ ಒಳಗೆ ಹೊಕ್ಕರೆ ಮುಗೀತು. ನಾನು ಬರೋ ಹೊತ್ತಿಗೆ ಜೀವ ಇರ್ಬೇಕು ಅದಕ್ಕೆ. ಮಾತು ಕೊಡು."

"ಹಚ್ತೀನಿ ಅಜ್ಜಿ."

ಅಜ್ಜಿ ಕೈಚೀಲದಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ಅವಳ ಅಂಗೈಗೆ ಒತ್ತಿದಳು. ಉಪದೇಶ ಉದ್ದವಾದಾಗ ಚರ್ಚಿನಲ್ಲಿ ಕೊಡುವಂಥದ್ದೇ.

ಮೊದಲ ವಾರ ಟ್ರೀನಾ ಗುಂಡಿ ಒತ್ತಿದಳು. ಹಿಂದಿನ ಜಾಲರಿಯೊಳಗೆ ಗಾಜಿನ ವಾಲ್ವ್‌ಗಳು ಕೆಂಡದ ಬಣ್ಣಕ್ಕೆ ಬಂದವು. ಮೆಲ್ಲಗೆ ನುಡಿಸತೊಡಗಿದಳು. ಮೇಜಿನಿಂದ ಅಪ್ಪ ಎದ್ದು ಬಂದ. ಹಾಗೆ ಅವನು ಎಂದೂ ಬಂದಿರಲಿಲ್ಲ. ಆರ್ಗನಿನ ಹಿಂಬದಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತ.

"ಆ ಕೆಳಗಿನ ಸ್ವರ ಇನ್ನೊಂದು ಸಲ. ಹಿಡ್ಕೋ. ಬಿಡಬೇಡ."

ಟ್ರೀನಾ ಹಿಡಿದಳು. ಅವಳ ಕಿವಿಗಳು ಬಿಸಿಯಾದವು.

"ಎಷ್ಟು ಚೆನ್ನಾಗಿದೆ," ಎಂದ ಅಪ್ಪ.

ಆ ವಾರವೆಲ್ಲ ಟ್ರೀನಾ ಅವನ ಅಂಗಿಗಳನ್ನು ಬೇರೆಯಾಗಿ ನೆನೆಸಿ, ಉಜ್ಜಿ ಒಗೆದಳು. ಎರಡನೇ ವಾರ ಅವನು ಮತ್ತೆ ಬಂದಾಗ, ಕೇಳಿಸಲೆಂದೇ ಕಷ್ಟದ ಕೀರ್ತನೆಯೊಂದನ್ನು ಕಲಿತಿದ್ದಳು. ಅವನು ಒಂದೇ ಸ್ವರ ಕೇಳಿದ. ಆಮೇಲೆ ಟಾರ್ಚ್ ಹಾಕಿ ಜಾಲರಿಯೊಳಗೆ ಇಣುಕುತ್ತ, "ಇದರ ಟ್ರಾನ್ಸ್‌ಫಾರ್ಮರ್ ನೋಡು! ಐವತ್ತು ವರ್ಷ ಹಳೇ ಕಬ್ಬಿಣ. ಈಗ ಇಂಥ ತಂತಿಸುರುಳಿ ಯಾರೂ ಸುತ್ತಲ್ಲ," ಎಂದ.

ಟ್ರೀನಾ ಕೀಲಿಗಳ ಮೇಲಿಂದ ಕೈ ತೆಗೆದಳು. ಆ ಸಂಜೆ ಅವಳಿಗೆ ಊಟ ಸೇರಲಿಲ್ಲ.

ಮಾತು ಬಾಯಿಬಿಟ್ಟು ಹೊರಬಂದದ್ದು ಅಕ್ಟೋಬರಿನ ಒಂದು ಶನಿವಾರ. ಡೆರಿಕ್ ಮಾಂಸದ ಕಡುಬನ್ನು ಮೂರನೇ ಸಲ ಹಾಕಿಸಿಕೊಳ್ಳುತ್ತಿದ್ದ.

"ಹೊಸ ಟ್ರಾನ್ಸ್‌ಫಾರ್ಮರ್‌ಗೆ ಧ್ವನಿ ಇಲ್ಲ ಅಂತಾರೆ," ಎಂದ ಅಪ್ಪ. ಇಂಟರ್ನೆಟ್ಟಿನಲ್ಲಿ ಅವನಂಥವರದೇ ಒಂದು ಗುಂಪಿತ್ತು, ಅದರ ಮಾತು. "ಪ್ಲಾಸ್ಟಿಕ್ ಚಮಚದಲ್ಲಿ ತಿಂದ ಹಾಗಂತೆ. ಹಳೇ ಆರ್ಗನ್ ಬಿಚ್ಚಿ ತೆಗೆದದ್ದೇ ಬೇಕು ಅಂತಾರೆ."

"ಅಪ್ಪ, ನಿನ್ನ ಮೊಣಕೈಗೆ ತಾಗ್ತಿದೆಯಲ್ಲೋ ಒಂದು," ಎಂದು ಡೆರಿಕ್ ಫೋರ್ಕಿನಿಂದ ತೋರಿಸಿದ. ಫೋರ್ಕಿನಿಂದ ಗ್ರೇವಿ ತೊಟ್ಟಿಕ್ಕಿತು.

ಅಮ್ಮ ತಟ್ಟೆ ಕೆಳಗಿಟ್ಟಳು. "ಅದು ಅತ್ತೇದು."

"ಅತ್ತೇದು ಅಂದ್ರೆ ನನ್ನ ಅಮ್ಮಂದು. ನನ್ನ ಅಮ್ಮಂದು ಅಂದ್ರೆ—"

"ಅವರು ಸತ್ತ ಮೇಲೆ ನಿಂದು. ಸತ್ತಿಲ್ಲ. ಸೊಂಟ ಮುರಿದಿದೆ ಅಷ್ಟೇ."

"ಆಮೇಲೆ ಬೇರೆ ಟ್ರಾನ್ಸ್‌ಫಾರ್ಮರ್ ಹಾಕಿ ಕೊಡ್ತೀನಿ ಲೋಯಿಸ್. ಅಮ್ಮನ ಕಿವಿಗೆ ವ್ಯತ್ಯಾಸವೇ ಗೊತ್ತಾಗಲ್ಲ."

"ಹೊಸದಕ್ಕೆ ಧ್ವನಿ ಇಲ್ಲ ಅಂದ್ಯಲ್ಲ ಈಗ?"

ಡೆರಿಕ್ ನಕ್ಕ. ಅಪ್ಪ ನಗಲಿಲ್ಲ. "ನಾಳೆ ಹೋಗಿ ಕೇಳ್ಕೊಂಡು ಬರ್ತೀನಿ. ಆಯ್ತಾ?"

ಮಾರನೆಯ ದಿನ ಅವನು ಆರೈಕೆ ಮನೆಗೆ ಹೋದವನು ಮುಕ್ಕಾಲು ಗಂಟೆಯಲ್ಲಿ ವಾಪಸ್ ಬಂದ.

"ಕೇಳಿದೆ. ಹೂಂ ಅಂದ್ಳು."

"ಎಚ್ಚರ ಇದ್ರಾ?" ಅಮ್ಮ ಕೇಳಿದಳು.

"ನೋವಿನ ಮಾತ್ರೆ ಕೊಟ್ಟಿದ್ರು. ಆದ್ರೆ ತಲೆ ಅಲ್ಲಾಡಿಸಿದ್ಳು."

ಅಮ್ಮ ಅವನನ್ನು ನೋಡಿದಳು. ಆಮೇಲೆ ಊಟದ ಮೇಜನ್ನು ನೋಡಿದಳು. "ಹಬ್ಬದ ಹೊತ್ತಿಗೆ ನನ್ನ ಮೇಜು ಖಾಲಿ ಆಗುತ್ತಾ?"

"ಆಣೆ."

"ನಂಗೇನೂ ಗೊತ್ತಿಲ್ಲ ಹಾಗಾದ್ರೆ," ಎಂದು ಅಮ್ಮ ಪಾತ್ರೆ ತೊಳೆಯಲು ಹೋದಳು. ನಲ್ಲಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಿಟ್ಟುಕೊಂಡಳು.

ಸೋಮವಾರ ಬೆಳಿಗ್ಗೆ ಅಮ್ಮ ಕೆಲಸಕ್ಕೆ ಹೋದ ಮೇಲೆ ಅಪ್ಪ ಟ್ರೀನಾಳನ್ನು ಕರೆದು ಟಾರ್ಚ್ ಕೈಗೆ ಕೊಟ್ಟ. "ಹಿಡಿ. ನನಗೆ ಎರಡೂ ಕಡೆ ನೋಡೋಕಾಗಲ್ಲ."

ಅವಳು ಬೇಡ ಎನ್ನಬೇಕೆಂದುಕೊಂಡಳು. ಆದರೂ ಟಾರ್ಚ್ ಹಿಡಿದಳು.

ಹಿಂದಿನ ಹಲಗೆ ತೆಗೆದಾಗ ಇಲಿ ಮೂತ್ರದ ವಾಸನೆ ಹೊಡೆಯಿತು. ಧೂಳು ಬೂದು ಬಣ್ಣದ ಉಣ್ಣೆಯಂತೆ ಪದರಗಟ್ಟಿತ್ತು. ಅದರೊಳಗೆ ಅಜ್ಜಿಯ ಎರಡು ಹೇರ್‌ಪಿನ್ನು, ಕೀಲಿಗಳ ಸಂದಿಯಿಂದ ಬಿದ್ದ ನಾಲ್ಕು ಪೆಪ್ಪರ್‌ಮಿಂಟುಗಳು ಹಳದಿಯಾಗಿ ಅಂಟಿಕೊಂಡಿದ್ದವು. ಒಂದನ್ನು ಇಲಿ ಅರ್ಧ ಕೊರೆದಿತ್ತು.

"ನೋಡ್ಕೋ," ಎಂದ ಅಪ್ಪ. ಎಡಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿ, ಬಲಗೈ ಒಂದನ್ನೇ ಒಳಗೆ ಚಾಚಿದ. "ವಾಲ್ವ್ ಕೆಲಸದೋರ ಮೊದಲ ಪಾಠ ಇದು. ಸ್ವಿಚ್ಚು ಆರಿಸಿದ್ರೂ ಇದರೊಳಗೆ ಕರೆಂಟು ಕೂತಿರುತ್ತೆ. ಎರಡು ಕೈ ಹಾಕಿದ್ರೆ ಒಂದು ಕೈಯಿಂದ ಹೊಕ್ಕು, ಎದೆ ದಾಟಿ, ಇನ್ನೊಂದರಿಂದ ಹೊರಗೆ. ಒಂದು ಕೈ ಯಾವಾಗ್ಲೂ ಜೇಬಲ್ಲಿರ್ಬೇಕು. ಆಗ ಹೃದಯಕ್ಕೆ ಏನೂ ತಟ್ಟಲ್ಲ."

ಟ್ರಾನ್ಸ್‌ಫಾರ್ಮರ್‌ಗಳು ಬಂದವು, ವಾಲ್ವ್‌ಗಳು ಬಂದವು. ಬಂದಿದ್ದೇ ಬಂತು ಎಂದು ಸ್ಪೀಕರನ್ನೂ ತೆಗೆದ. ಟ್ರೀನಾ ಪೆಪ್ಪರ್‌ಮಿಂಟುಗಳನ್ನು ಧೂಳಿನ ಸಮೇತ ಕಾಗದದಲ್ಲಿ ಸುತ್ತಿ ಎಸೆದಳು. ಕೈಗಳನ್ನು ಮೂರು ಸಲ ತೊಳೆದಳು.

ನವೆಂಬರಿನಲ್ಲಿ ಬೆಸುಗೆ ಕಡ್ಡಿ ಕೊನೆಗೂ ಬಿಸಿಯಾಯಿತು. ತಗಡಿನ ಪೆಟ್ಟಿಗೆಯನ್ನು ಬೋರಲು ಹಾಕಿ, ನಕ್ಷೆ ನೋಡಿಕೊಂಡು ಅಪ್ಪ ಬೆಸೆಯತೊಡಗಿದ. ಬೆಸುಗೆಯ ಹನಿಗಳು ಮೇಜಿನ ವಾರ್ನಿಷಿಗೆ ಹತ್ತಿ ಆರಿದವು. ಅವನು ಮಲಗಲು ಹೋದಾಗ ಚೆಲ್ಲಾಪಿಲ್ಲಿಯನ್ನೆಲ್ಲ ಒಂದು ಕಡೆ ಮಾಡುವುದು ಟ್ರೀನಾಳ ಕೆಲಸ. ಒಂದು ದಿನ ಒರೆಸುತ್ತ, ಅಪ್ಪ ಬಿಡಿಯಾಗಿ ತರಿಸಿದ್ದ ವಾಲ್ವೊಂದರ ಹಳೆಯ ರಟ್ಟಿನ ಡಬ್ಬಿಯ ಮೇಲಿನ ಚಿತ್ರ ನೋಡಿದಳು. ವಾಲ್ವಿನ ಒಂಬತ್ತು ಕಾಲುಗಳು ವೃತ್ತವಾಗಿ ನಿಂತಿದ್ದವು, ಎಣಿಕೆ ಗಡಿಯಾರದ ಮುಳ್ಳಿನಂತೆ ತಿರುಗುತ್ತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ 'ತಳದಿಂದ ನೋಡಿದಂತೆ' ಎಂದಿತ್ತು. ಅಪ್ಪನ ನಕ್ಷೆ ಮೇಲಿನಿಂದ ನೋಡಿದಂತೆ ಬರೆದದ್ದು. ಅದರಲ್ಲಿ ಎಣಿಕೆ ಹಿಂದುಮುಂದಾಗಿ ತಿರುಗುತ್ತಿತ್ತು. ಆದರೆ ಅವನು ಬೆಸೆಯುತ್ತಿದ್ದದ್ದು ತಳದ ಕಡೆಯಿಂದ, ಅದೇ ನಕ್ಷೆಯನ್ನು ನೋಡಿಕೊಂಡು. ವಾಲ್ವ್ ಕೂರುವ ಪ್ರತಿ ಸಾಕೆಟ್ಟಿನಲ್ಲೂ ತಂತಿಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೂತಿದ್ದವು.

ಬೆಳಗಿನ ಕಾಫಿಗೆ ಅವನು ಬಂದಾಗ ಟ್ರೀನಾ ಡಬ್ಬಿಯನ್ನು ಮುಂದಿಟ್ಟಳು.

"ಅಪ್ಪ. ಇದರಲ್ಲಿ ಎಣಿಕೆ ಈ ಕಡೆ ಹೋಗುತ್ತೆ. ನೀನು ಬೆಸೆದಿರೋದು ಆ ಕಡೆ."

ಅಪ್ಪ ಡಬ್ಬಿಯನ್ನು ನೋಡಲಿಲ್ಲ. ಅವಳನ್ನು ನೋಡಿದ. "ಹದಿನಾಲ್ಕು ತಿಂಗಳು ಕೂತು ಬರೆದಿದ್ದೀನಿ ನಾನು. ಹತ್ತನೇ ಕ್ಲಾಸು ದಾಟದೋಳು ಒಂದರಿಂದ ಒಂಬತ್ತು ಎಣಿಸೋದು ಕಲಿಸ್ತೀಯಾ ನಂಗೆ?"

ಕಾಫಿಗೂ ಬಂದಿದ್ದ ಡೆರಿಕ್ ಲೋಟದೊಳಗೆ ಕಿಸಕ್ಕೆಂದ. ಟ್ರೀನಾ ಡಬ್ಬಿಯನ್ನು ಇದ್ದಲ್ಲೇ ಇಟ್ಟಳು. ಆಮೇಲೆ ಅದರ ಮಾತೆತ್ತಲಿಲ್ಲ.

ಹಬ್ಬಕ್ಕೆ ಮುಂಚಿನ ಶನಿವಾರ ಮಧ್ಯಾಹ್ನ, ಡೆರಿಕ್ ಗಿಟಾರ್ ತಂದ. ಅಮ್ಮ ಏಪ್ರನ್ನಿನಲ್ಲೇ ಬಂದು ಬಾಗಿಲಲ್ಲಿ ನಿಂತಳು. ಪೆಟ್ಟಿಗೆಗೆ ಕೆನೆಬಣ್ಣದ ಹೊದಿಕೆ ಹಾಕಿಯಾಗಿತ್ತು, ಹೆಸರಿನ ಫಲಕ ಹೊಳೆಯುತ್ತಿತ್ತು. ಅಪ್ಪ ಎಡಗೈ ಜೇಬಿಗೆ ಹಾಕಿ ಸ್ವಿಚ್ಚು ಒತ್ತಿದ.

ಫ್ಯೂಸ್ ಹೋಯಿತು. ಇನ್ನೊಂದು ಹಾಕಿದ. ಅದೂ ಹೋಯಿತು.

"ಈ ಫ್ಯೂಸುಗಳು ತೀರಾ ನಾಜೂಕು," ಎಂದು ಕಾರಿನ ಡಬ್ಬಿಯಿಂದ ದಪ್ಪನೆಯದೊಂದನ್ನು ಹುಡುಕಿ ತಂದು ಕೂರಿಸಿದ. ಟ್ರೀನಾ ಗೋಡೆಗೆ ಒರಗಿ ನೋಡುತ್ತಿದ್ದಳು. ಬಾಯಿ ತೆರೆಯಲಿಲ್ಲ. ಆಗಲಿ ನೋಡೋಣ ಎಂದು ಒಳಗೆ ಏನೋ ಸಿಹಿಯಾಗಿ ಕಾಯುತ್ತಿತ್ತು.

ಈ ಸಲ ಫ್ಯೂಸ್ ಹೋಗಲಿಲ್ಲ. ಒಂದು ಗುಂಯ್ ಎಂಬ ಸದ್ದು ಎದ್ದು, ಏರಿ, ಕಿಟಕಿ ಗಾಜು ನಡುಗಿಸಿತು. ಒಂದು ವಾಲ್ವಿನೊಳಗೆ ನೇರಳೆ ಮಿಂಚು. ಆಮೇಲೆ ವಾಸನೆ: ಕೂದಲು ಸುಟ್ಟಂತೆ, ಕೊಳೆತ ಮೀನನ್ನು ಹುರಿದಂತೆ. ಅಪ್ಪ ಪ್ಲಗ್ ಕೀಳುವಷ್ಟರಲ್ಲಿ ಅಜ್ಜಿಯ ಆರ್ಗನಿನ ಟ್ರಾನ್ಸ್‌ಫಾರ್ಮರಿನ ಹೊಟ್ಟೆಯೊಳಗಿನ ಟಾರು ಕರಗಿ, ಕಪ್ಪಗೆ, ನಿಧಾನವಾಗಿ, ಕೆನೆಬಣ್ಣದ ರೆಕ್ಸಿನ್ ಮೇಲೆ ಇಳಿದು ನಕ್ಷೆಯ ಹಾಳೆಗಳಿಗೆ ಹರಡಿತು. ಹಾಳೆಯ ಕೆಳಗೆ ಮೇಜು.

"ಕ್ಯಾರಮೆಲ್," ಎಂದಳು ಅಮ್ಮ, ಮೂಗಿಗೆ ಏಪ್ರನ್ ಹಿಡಿದು.

ಡೆರಿಕ್ ಗಿಟಾರನ್ನು ಚೀಲಕ್ಕೆ ಹಾಕಿಕೊಂಡು, "ನಾನು ಆನ್‌ಲೈನಲ್ಲಿ ಒಂದು ತರಿಸ್ಕೋತೀನಿ ಬಿಡಪ್ಪ," ಎಂದು ಹೋದ. ಊಟಕ್ಕೂ ನಿಲ್ಲಲಿಲ್ಲ. ಅದು ಮೊದಲ ಸಲ.

ಟ್ರೀನಾ ಮೂರು ದಿನ ಸೀಮೆಎಣ್ಣೆ ಮತ್ತು ಬೆಣ್ಣೆಚಾಕು ಹಿಡಿದು ಮೇಜಿನ ಟಾರು ಕೆರೆದಳು. ಉಗುರಿನ ಸಂದಿಯಲ್ಲಿ ಕಪ್ಪು ಕೂತಿತು. ಮಂಗಳವಾರ ಅಪ್ಪ ಆರ್ಗನಿನ ಹಿಂದಿನ ಹಲಗೆಯನ್ನು ಮೊದಲಿನಂತೆ ಕೂರಿಸಿ, ಮೇಲೆ ಕಸೂತಿ ಬಟ್ಟೆ ಹಾಸಿ, ಸೇಬಿನ ಬುಟ್ಟಿ ಇಟ್ಟ.

"ನನ್ನ ಅಮ್ಮಂಗೆ ಅಷ್ಟು ಹೊತ್ತು ಕೂರೋಕೆ ಆಗಲ್ಲ. ಆರ್ಗನ್ ಬಗ್ಗೆ ಕೇಳೋದೂ ಇಲ್ಲ," ಎಂದ.

ಗುರುವಾರ ಅಜ್ಜಿ ಬಂದಳು. ನಡೆಯುವ ಚೌಕಟ್ಟು ಹಿಡಿದು, ನೀಲಿ ಕೋಟಿನಲ್ಲಿ, ಮೊದಲಿಗಿಂತ ಅರ್ಧದಷ್ಟಾಗಿ. ಮೇಜಿಗೆ ಹದಿನಾಲ್ಕು ತಿಂಗಳ ಮೇಲೆ ಬಿಳಿ ಬಟ್ಟೆ ಬಿದ್ದಿತ್ತು. ಟರ್ಕಿ, ಮುದ್ದೆ ಮಾಡಿದ ಆಲೂಗೆಡ್ಡೆ, ಬೀನ್ಸು, ಒಂದು ಜಗ್ಗು ಗ್ರೇವಿ, ಎಲ್ಲ ಹಬೆಯಾಡುತ್ತಿದ್ದವು. ಟಾರಿನ ಕಲೆಯ ಮೇಲೆ ಅಮ್ಮ ಜಾಣತನದಿಂದ ಗ್ರೇವಿ ಜಗ್ಗನ್ನೇ ಇಟ್ಟಿದ್ದಳು. ಡೆರಿಕ್ ಕೂದಲು ಬಾಚಿ ಬಂದಿದ್ದ.

ಅಜ್ಜಿ ಮೇಜಿನ ಕಡೆ ತಿರುಗಲೇ ಇಲ್ಲ. ನೇರವಾಗಿ ಆರ್ಗನ್ನಿಗೆ ಹೋಗಿ, ಬೆಂಚಿನಲ್ಲಿ ಕೂತು, ಸೇಬಿನ ಬುಟ್ಟಿಯನ್ನು ಡೆರಿಕ್ ಕೈಗೆ ಕೊಟ್ಟಳು. ಮುಚ್ಚಳ ಎತ್ತಿ ಗುಂಡಿ ಒತ್ತಿದಳು. ಕಾದಳು. ಒಂದು ಕೀಲಿ ಒತ್ತಿದಳು. ಮರಕ್ಕೆ ಮರ ತಾಗಿದ ಸದ್ದು, ಅಷ್ಟೇ.

"ಟ್ರೀನಾ," ಎಂದಳು. "ವಾರ ವಾರ ಹಚ್ಚಿದ್ಯಾ?"

ಟ್ರೀನಾ ಬಾಯಿ ತೆರೆಯುವ ಮುಂಚೆಯೇ ಅಪ್ಪ ಮಾತಾಡಿದ.

"ತೇವ ಹಿಡಿದಿರ್ಬೇಕಮ್ಮ. ಹಳೇದಲ್ವಾ. ಹುಡುಗಿ ಒಂದೆರಡು ವಾರ ಹಚ್ಚಿದ್ಳು, ಆಮೇಲೆ ಮರೆತ್ಳೋ ಏನೋ." ದನಿಯಲ್ಲಿ ಕನಿಕರ ಬೇರೆ. "ಬಯ್ಯಬೇಡ ಅವಳನ್ನ. ಪಾಪ, ಅವಳಿಗೆ ಒಂದನ್ನ ಹಿಡಿದು ಮುಗಿಸೋದು ಗೊತ್ತೇ ಇಲ್ಲ."

ಅಮ್ಮ ಕರವಸ್ತ್ರ ಮಡಿಸುತ್ತಿದ್ದಳು. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು. ಡೆರಿಕ್ ಸೇಬು ನೋಡುತ್ತಿದ್ದ. ಟ್ರೀನಾ ಒಬ್ಬೊಬ್ಬರನ್ನೇ ನೋಡಿದಳು. ಈ ಸಲ ಅವಳು ಮುಂದೆ ನಡೆದಳು. ಅಜ್ಜಿಯನ್ನು ಬೆಂಚಿನ ಸಮೇತ ಸ್ವಲ್ಪ ಸರಿಸಿ, ಆರ್ಗನಿನ ಒಂದು ತುದಿ ಹಿಡಿದು ಎಳೆದಳು. ಮೊದಲು ಅದನ್ನು ಸರಿಸಲು ಇಬ್ಬರು ಗಂಡಸರು ಬೇಕಾಗುತ್ತಿದ್ದರು. ಈಗ ಅದು ಒಂದೇ ಎಳೆತಕ್ಕೆ ತಿರುಗಿತು. ಹಿಂದಿನ ಹಲಗೆಗೆ ಅಪ್ಪ ಎರಡೇ ತಿರುಪು ಹಾಕಿದ್ದ. ಟ್ರೀನಾ ಬೆರಳು ತೂರಿಸಿ ಜಗ್ಗಿದಳು, ಹಲಗೆ ಕಿತ್ತು ಬಂತು.

ಇಲಿ ವಾಸನೆ ಟರ್ಕಿಯ ವಾಸನೆಯೊಳಗೆ ಸೇರಿತು. ಒಳಗೆ ಕತ್ತರಿಸಿದ ತಂತಿಗಳು, ಟ್ರಾನ್ಸ್‌ಫಾರ್ಮರ್ ಇದ್ದ ಜಾಗದಲ್ಲಿ ಎರಡು ಚೌಕದ ಗುರುತು.

"ನೀನು ಹೂಂ ಅಂದ್ಯಂತೆ ಅಜ್ಜಿ," ಎಂದಳು ಟ್ರೀನಾ. ದನಿ ಎಲ್ಲರಿಗೂ ಕೇಳಿಸಿತು. "ಅಪ್ಪ ಆಂಪ್ಲಿಫೈಯರ್ ಕಟ್ಟೋಕೆ ತೆಗೆದ. ಅದೂ ಸುಟ್ಟು ಹೋಯ್ತು."

"ಅಮ್ಮ, ನಾನು ಕೇಳಿದ್ದೆ. ನಿಂಗೆ ಮಾತ್ರೆ—"

ಅಜ್ಜಿ ಅಪ್ಪನ ಕಡೆ ತಿರುಗಲಿಲ್ಲ. ಆ ಪೊಳ್ಳನ್ನೇ ಬಹಳ ಹೊತ್ತು ನೋಡಿದಳು.

"ಇದು ಒಬ್ಬರ ಕೆಲಸ ಅಲ್ಲ," ಎಂದಳು. "ದೀಪ ಹಿಡಿದೋರು ಯಾರು?"

ಟ್ರೀನಾ ಕೈಯಲ್ಲಿದ್ದ ಹಲಗೆಯನ್ನು ಕೆಳಗಿಟ್ಟಳು.

"ನಾನು."

ಅಜ್ಜಿ ತಲೆಯಾಡಿಸಿದಳು. "ತಿರುಗಿಸಿ ಇಡು ಅದನ್ನ." ಟ್ರೀನಾ ತಿರುಗಿಸಿ ಇಟ್ಟಳು. ಅಜ್ಜಿ ಬೆಂಚಿನಲ್ಲಿ ಬಲಕ್ಕೆ ಸರಿದಳು. ಮೊದಲಿನಂತೆ ಎಡಗಡೆ ಜಾಗವಾಯಿತು. "ಕೂತ್ಕೋ."

"ಸದ್ದು ಬರಲ್ಲ ಅಜ್ಜಿ."

"ಗೊತ್ತು. ಕೂತ್ಕೋ. ಐದು ಚರಣ, ಒಂದೂ ಬಿಡಬೇಡ."

ನುಡಿಸಿದರು. ಟಕ್, ಟಕ್, ಟಕ್. ಟ್ರೀನಾಳ ಉಗುರಿನ ಸಂದಿಯ ಟಾರು ಬಿಳಿ ಕೀಲಿಗಳ ಮೇಲೆ ಎದ್ದು ಕಾಣುತ್ತಿತ್ತು; ಅವಳಿಗೆ ತನ್ನ ಕೈಗಳನ್ನೇ ನೋಡಲಾಗಲಿಲ್ಲ, ಆದರೆ ನಿಲ್ಲಿಸಲಿಲ್ಲ. ಅಜ್ಜಿ ಹಾಡಲಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿತ್ತು. ಕೀರ್ತನೆ ಮುಗಿಯದೆ ಆ ಮನೆಯಲ್ಲಿ ಯಾರೂ ಚಮಚ ಮುಟ್ಟುವಂತಿರಲಿಲ್ಲ, ಮುಟ್ಟಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಆ ಮರದ ಸದ್ದನ್ನು ಕೇಳುತ್ತ ಕೂತರು. ಐದನೆಯ ಚರಣ ಮುಗಿಯುವ ಹೊತ್ತಿಗೆ ಟರ್ಕಿಯ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತ್ತು. ಗ್ರೇವಿ ಮೇಲೆ ದಪ್ಪ ಚರ್ಮ ಕೂತಿತ್ತು.

"ಆಮೆನ್," ಎಂದಳು ಅಜ್ಜಿ. "ಟ್ರೀನಾ, ನನ್ನ ಕೋಟು ಕೊಡು. ನನ್ನನ್ನ ಆರೈಕೆ ಮನೆಗೇ ಬಿಟ್ಟು ಬಾ. ಅಲ್ಲಿ ಊಟದ ಕೋಣೆಯಲ್ಲಿ ಒಂದು ಪಿಯಾನೊ ಇದೆ. ನೀನು ವಾರಕ್ಕೊಮ್ಮೆ ಅಲ್ಲ, ದಿನಾ ಬರ್ತೀಯಾ."

ಟ್ರೀನಾ ಕೋಟು ತಂದಳು. ಕಾರಿನ ಕೀಲಿಕೈಗೆ ಕೈ ಚಾಚಿದಾಗ ಯಾರೂ ತಡೆಯಲಿಲ್ಲ. ಬಾಗಿಲಲ್ಲಿ ಅಜ್ಜಿಯ ಕೋಟಿಗೆ ಗುಂಡಿ ಹಾಕುತ್ತ ಅವಳು ಒಮ್ಮೆ ಹಿಂದೆ ನೋಡಿದಳು. ಅಮ್ಮ ಸೌಟಿನಿಂದ ಗ್ರೇವಿಯ ಚರ್ಮವನ್ನು ಬದಿಗೆ ಎಳೆಯುತ್ತಿದ್ದಳು. ಅಪ್ಪ ಮೇಜಿನ ತುದಿಯಲ್ಲಿ ನಿಂತು, ತನ್ನ ತಟ್ಟೆಯನ್ನು ಮುಂದಕ್ಕೆ ಚಾಚಿದ್ದ. ಒಂದೇ ಕೈಯಲ್ಲಿ. ಇನ್ನೊಂದು ಕೈ ಜೇಬಿನಲ್ಲಿತ್ತು.